ಮೂಡಣ ಬಾಗಿಲ ಕಾವಲು

ಹದಿನೆಂಟನೆಯ ಶತಮಾನದಲ್ಲಿ ಮೈಸೂರಿನ ಮೇಲೆ ಏರಿಬಂದ ದೊಡ್ಡ ದಂಡುಗಳು ಕೋಲಾರದ ನೆಲವನ್ನು ತುಳಿಯದೆ ಬಿಟ್ಟದ್ದು ಕಡಿಮೆ. 1768ರಲ್ಲಿ ಕೋಲಾರದ ಕೋಟೆ ಇಂಗ್ಲಿಷರ ವಶವಾಯಿತು. 1770ರಲ್ಲಿ ಮರಾಠರ ವಶವಾಯಿತು. 1791ರಲ್ಲಿ ಕಾರ್ನ್‌ವಾಲಿಸನು ಮುಗಳಿ ಘಟ್ಟ ಹತ್ತಿ ಬಂದಾಗ ಮತ್ತೆ ಇಂಗ್ಲಿಷರ ಪಾಲಾಯಿತು. ಮೂಡಣ ದಿಕ್ಕಿನ ಘಟ್ಟಗಳನ್ನು ಹತ್ತಿದವನಿಗೆ ಮೊದಲು ಸಿಕ್ಕುವುದು ಮುಳಬಾಗಿಲಿನ ಬಂಡೆಕೋಟೆ, ಆಮೇಲೆ ಕೋಲಾರ, ಆಮೇಲೆ ಹೊಸಕೋಟೆ, ಅಲ್ಲಿಂದಾಚೆಗೆ ಬೆಂಗಳೂರು. ಈ ದಾರಿಯ ಎರಡೂ ಮಗ್ಗುಲಲ್ಲಿ ವರ್ಷವಿಡೀ ಹರಿಯುವ ಹೊಳೆಯೊಂದೂ ಇಲ್ಲ. ಪಾಲಾರ್ ನದಿ ಇದೆ, ಮಳೆಗಾಲದ ನೀರನ್ನು ಬೇತಮಂಗಲದ ಕೆರೆಗೆ ತಂದು ತುಂಬಿ ತಮಿಳು ಸೀಮೆಗೆ ಇಳಿದುಹೋಗುತ್ತದೆ. ಉಳಿದದ್ದೆಲ್ಲ ಕೆರೆಗಳ ಬದುಕು: ಏರಿ, ತೂಬು, ಕೋಡಿ, ನೀರಗಂಟಿ. ಕೆರೆ ತುಂಬಿದರೆ ಗದ್ದೆ, ಇಲ್ಲದಿದ್ದರೆ ಹೊಲದ ರಾಗಿ.

ಬಂಗಾರಪೇಟೆಯ ದಕ್ಷಿಣಕ್ಕಿರುವ ಬೂದಿಕೋಟೆ ಇದೇ ಸೀಮೆಯ ಒಂದು ಸಣ್ಣ ಕೋಟೆಯ ಊರು. ಶಿರಾ ಸುಬೇದಾರರ ಕೈಕೆಳಗೆ ಕೋಲಾರದ ಫೌಜುದಾರನಾಗಿದ್ದ ಫತೇ ಮಹಮ್ಮದನಿಗೆ ಅದು ಜಹಗೀರಾಗಿ ಬಂದಿತ್ತು. 1720ರ ಸುಮಾರಿಗೆ ಅಲ್ಲಿ ಹುಟ್ಟಿದ ಅವನ ಕಿರಿಯ ಮಗನೇ ಹೈದರ್ ಅಲಿ. ಮಗು ಇನ್ನೂ ಚಿಕ್ಕದಿರುವಾಗಲೇ ತಂದೆ ಯುದ್ಧದಲ್ಲಿ ಸತ್ತ. ಮನೆಯನ್ನು ದೋಚಿದವರು ಇನ್ನೂ ಹಣವಿದ್ದೀತೆಂದು ಅಣ್ಣತಮ್ಮಂದಿರಿಬ್ಬರನ್ನೂ ಹಿಡಿದು ಹಿಂಸಿಸಿದರು. ನಗಾರಿಯೊಳಗೆ ಕೂರಿಸಿ ಮೇಲಿಂದ ಬಾರಿಸಿದರೆಂದು ಹೇಳುತ್ತಾರೆ. ಅಧಿಕಾರವಿಲ್ಲದವನ ಮನೆಗೆ ಏನಾಗುತ್ತದೆಂಬುದನ್ನು ಆ ಹುಡುಗ ಅಕ್ಷರ ಕಲಿಯುವ ವಯಸ್ಸಿನಲ್ಲಿ ಕಲಿತ. ಅಕ್ಷರವನ್ನಂತೂ ಅವನು ಕೊನೆಯವರೆಗೂ ಕಲಿಯಲಿಲ್ಲ.

ಬಂಗಾರಪೇಟೆಗೆ ಹಿಂದೆ ಬೌರಿಂಗ್‌ಪೇಟೆ ಎಂಬ ಹೆಸರಿತ್ತು. 1862ರಿಂದ 1870ರವರೆಗೆ ಮೈಸೂರಿನ ಕಮಿಷನರಾಗಿದ್ದ ಲೆವಿನ್ ಬೌರಿಂಗನ ಹೆಸರು ಅದು. ಅದೇ ಬೌರಿಂಗ್ ಮುಂದೆ 1893ರಲ್ಲಿ ಹೈದರ್ ಅಲಿ ಮತ್ತು ಟಿಪ್ಪು ಸುಲ್ತಾನರ ಚರಿತ್ರೆಯನ್ನು ಪುಸ್ತಕವಾಗಿ ಬರೆದ. ತನ್ನ ಹೆಸರು ಹೊತ್ತ ಪೇಟೆಯ ನೆರೆಯಲ್ಲೇ ಹುಟ್ಟಿದವನ ಕಥೆಯನ್ನು ಅವನು ಬರೆದದ್ದು ಈ ಸೀಮೆಯವರು ನೆನಪಿಟ್ಟುಕೊಳ್ಳಬೇಕಾದ ಸಂಗತಿ.

1749ರ ದೇವನಹಳ್ಳಿ ಮುತ್ತಿಗೆಯಲ್ಲಿ ಕಣ್ಣಿಗೆ ಬಿದ್ದ ಹೈದರನು ಹನ್ನೆರಡೇ ವರ್ಷದಲ್ಲಿ ರಾಜ್ಯದ ಸರ್ವಾಧಿಕಾರಿಯಾದ. ಅವನು ಸಿಂಹಾಸನ ಏರಲಿಲ್ಲ. ಒಡೆಯರು ಶ್ರೀರಂಗಪಟ್ಟಣದಲ್ಲಿ ಒಡೆಯರಾಗಿಯೇ ಇದ್ದರು. ದಸರೆಯಲ್ಲಿ ಪ್ರಜೆಗಳಿಗೆ ಅರಸರ ದರ್ಶನವಾಗುತ್ತಿತ್ತು, ಪಕ್ಕದಲ್ಲಿ ಹೈದರನಿರುತ್ತಿದ್ದ. ಬಿದನೂರು ಗೆದ್ದ ಮೇಲೆ ಅವನು ಹೊಡೆಸಿದ ವರಹದ ಒಂದು ಮಗ್ಗುಲಿನಲ್ಲಿ ಶಿವಪಾರ್ವತಿಯರೇ ಉಳಿದರು. ಇನ್ನೊಂದು ಮಗ್ಗುಲಿನಲ್ಲಿ ಅವನ ಹೆಸರಿನ ಮೊದಲಕ್ಷರ ಮಾತ್ರ ಬಂತು. ಹಳೆಯದನ್ನು ಕೆಡವದೆ ಅದರ ಮೇಲೆ ಹಿಡಿತ ಸಾಧಿಸುವ ಈ ಎಚ್ಚರವೇ ಮುಂದಿನ ಕಷ್ಟದ ವರ್ಷಗಳಲ್ಲಿ ಅವನನ್ನು ಕಾಯಿತು ಎಂದು ನನಗೆ ಅನ್ನಿಸುತ್ತದೆ. ಆ ವರ್ಷಗಳಲ್ಲಿ ಅವನು ಸೋತ ಕಾಳಗಗಳೇ ಹೆಚ್ಚು. ಆದರೂ ರಾಜ್ಯ ಉಳಿಯಿತು. ಹೇಗೆ ಉಳಿಯಿತೆಂಬುದಕ್ಕೆ ಉತ್ತರ ಕೋಲಾರ ಸೀಮೆಯಲ್ಲಿದೆ.

1767ರ ಆರಂಭದಲ್ಲಿ ಮೂರು ಶಕ್ತಿಗಳು ಒಟ್ಟಿಗೆ ಮೈಸೂರಿನತ್ತ ತಿರುಗಿದವು: ಪೇಶ್ವೆ ಮಾಧವರಾಯ, ಹೈದರಾಬಾದಿನ ನಿಜಾಮ, ಮದರಾಸಿನ ಇಂಗ್ಲಿಷ್ ಕಂಪನಿ. ಮೊದಲು ಬಂದವನು ಮಾಧವರಾಯ. ಶಿರಾ ಕಾಯುತ್ತಿದ್ದವನು ಹೈದರನ ಸ್ವಂತ ಭಾವಮೈದುನ ಮೀರ್ ಅಲಿ ರಜಾ. ಅವನು ಕೋಟೆಯನ್ನು ಮರಾಠರಿಗೆ ಒಪ್ಪಿಸಿ ಅವರ ಕಡೆ ಸೇರಿಕೊಂಡ. ಮನೆಯವನೇ ಬಾಗಿಲು ತೆರೆದ ಮೇಲೆ ಹೈದರನು ಹಳ್ಳಿಗಳಿಗೆ ಆಜ್ಞೆ ಕಳಿಸಿದ. ಮರಾಠರು ಹತ್ತಿರ ಬಂದೊಡನೆ ಕೆರೆಗಳ ಏರಿ ಒಡೆಯಬೇಕು, ಬಾವಿಗಳಿಗೆ ಕಳ್ಳಿಯ ಹಾಲು ಬೆರೆಯುವಂತೆ ಕಳ್ಳಿ ಕಡಿದು ಹಾಕಬೇಕು, ಹುಲ್ಲಿನ ಬಣವೆಗಳನ್ನು ಸುಡಬೇಕು, ಧಾನ್ಯ ಹೂಳಬೇಕು, ದನಕರು ಹೊಡೆದುಕೊಂಡು ಜನ ಕಾಡು ಸೇರಬೇಕು.

ಧಾನ್ಯ ಹೂಳುವುದು ಈ ಕಡೆಯ ರೈತನಿಗೆ ಹೊಸದಲ್ಲ. ಹಗೇವು ತೋಡಿ ರಾಗಿ ತುಂಬುವುದು ಹಿಂದಿನಿಂದ ಬಂದ ರೂಢಿ. ಬಾಯಿ ಕಿರಿದು, ಒಡಲು ಅಗಲ; ಸುತ್ತ ಹುಲ್ಲು ಹೊದಿಸಿ ರಾಗಿ ಸುರಿದು ಬಾಯಿಗೆ ಚಪ್ಪಡಿ ಮುಚ್ಚಿ ಮೇಲೆ ಮಣ್ಣೆಳೆದರೆ ಅಲ್ಲಿ ಹಗೇವಿದೆಯೆಂದು ಹೊರಗಿನವನಿಗೆ ತಿಳಿಯುವುದಿಲ್ಲ. ರಾಗಿ ವರ್ಷಗಟ್ಟಲೆ ಕೆಡುವುದಿಲ್ಲ. ತೆರೆದಾಗ ಮೊದಲು ದೀಪ ಇಳಿಬಿಟ್ಟು, ದೀಪ ಉರಿದರೆ ಮಾತ್ರ ಮನುಷ್ಯ ಇಳಿಯುತ್ತಿದ್ದ. ಒಳಗೆ ಕಟ್ಟಿದ ಗಾಳಿ ಉಸಿರು ಕಟ್ಟಿಸುತ್ತದೆ. ಹಗೇವು ಮುಚ್ಚಿ ಓಡಿಹೋದವನು ದಂಡು ಹೋದ ಮೇಲೆ ಮರಳಿ ಬಂದು ಅದನ್ನೇ ತೆರೆದು ಉಣ್ಣಬಹುದು.

ಕೆರೆಯ ಮಾತು ಹಾಗಲ್ಲ. ಒಡೆದ ಏರಿಯ ನೀರು ಒಂದೇ ರಾತ್ರಿಯಲ್ಲಿ ಹರಿದುಹೋಗುತ್ತದೆ. ಆ ಏರಿಯನ್ನು ಎತ್ತಿ ಕಟ್ಟಲು ಊರೆಲ್ಲ ಸೇರಿ ಮಣ್ಣು ಹೊರಬೇಕು, ಕಲ್ಲು ಜೋಡಿಸಬೇಕು, ತೂಬು ಕೂಡಿಸಬೇಕು, ಆಮೇಲೆ ಮಳೆಗಾಗಿ ಕಾಯಬೇಕು. ಹೈದರನ ಈ ಆಜ್ಞೆಯನ್ನು ಯುದ್ಧತಂತ್ರವೆಂದು ಮೆಚ್ಚುವವರ ಜೊತೆ ನಾನು ಸೇರಲಾರೆ. ಕೆರೆಯೇ ಬದುಕಾದ ನಾಡಿನಲ್ಲಿ ಹುಟ್ಟಿದವನು ಕೆರೆ ಒಡೆಯಲು ಹೇಳಿದ. ಹೇಳಿಯೂ ಮಾಧವರಾಯನನ್ನು ತಡೆಯಲಾಗಲಿಲ್ಲ. ಮರಾಠರ ಕುದುರೆಗಳು ಊರಿಂದೂರಿಗೆ ಹಬ್ಬಿದವು, ಕೋಟೆಗಳು ಒಂದೊಂದಾಗಿ ಬಿದ್ದವು. ಕೊನೆಗೆ ಅಪ್ಪಾಜಿರಾಮನೆಂಬ ಮಾತುಬಲ್ಲ ವಕೀಲ ಪೇಶ್ವೆಯ ಡೇರೆಗೆ ಹೋಗಿ 35 ಲಕ್ಷ ರೂಪಾಯಿಗೆ ಒಪ್ಪಂದ ಮುಗಿಸಿದ. ಅರ್ಧ ರೊಕ್ಕ ಕೂಡಲೇ. ಉಳಿದರ್ಧ ಸಲ್ಲುವವರೆಗೆ ಕೋಲಾರದ ಸೀಮೆ ಒತ್ತೆ. ರಾಜ್ಯವನ್ನು ಉಳಿಸಿಕೊಳ್ಳಲು ಹೈದರನು ಒತ್ತೆಯಿಟ್ಟದ್ದು ತಂದೆಯ ಸಮಾಧಿಯಿರುವ ನೆಲವನ್ನು. ಬಾಕಿಯನ್ನು ತೀರಿಸಿ ಬಿಡಿಸಿಕೊಂಡ, ಮೇ ತಿಂಗಳಲ್ಲಿ ಮಾಧವರಾಯ ಹಿಂದಿರುಗಿದ.

ನಿಜಾಮನನ್ನೂ ಅವನು ಹಣದಿಂದಲೂ ಮಾತಿನಿಂದಲೂ ತನ್ನತ್ತ ಎಳೆದುಕೊಂಡ. ಇಬ್ಬರೂ ಕೂಡಿ ಘಟ್ಟದ ಕೆಳಗಿನ ಆರ್ಕಾಟಿನ ಬಯಲಿಗಿಳಿದು ಸೆಪ್ಟೆಂಬರಿನಲ್ಲಿ ಚೆಂಗಮದಲ್ಲೂ ತಿರುವಣ್ಣಾಮಲೆಯಲ್ಲೂ ಕರ್ನಲ್ ಜೋಸೆಫ್ ಸ್ಮಿತ್‌ನ ಕೈಯಲ್ಲಿ ಸೋತರು. 1768ರ ಫೆಬ್ರವರಿಯಲ್ಲಿ ನಿಜಾಮ ಇಂಗ್ಲಿಷರ ಜೊತೆ ಬೇರೆ ಒಪ್ಪಂದ ಮಾಡಿಕೊಂಡು, ಹೈದರನು ರಾಜದ್ರೋಹಿ ಎಂದು ಕಾಗದದಲ್ಲಿ ಬರೆದುಕೊಟ್ಟ. ಅದೇ ಕಾಗದದಲ್ಲಿ ಮೈಸೂರಿನ ದಿವಾನಿಯನ್ನೂ ಕಂಪನಿಗೆ ದಾನ ಮಾಡಿದ್ದ. ತನ್ನದಲ್ಲದ ನಾಡನ್ನು ತನ್ನವರಲ್ಲದವರಿಗೆ ಕೊಟ್ಟ ದಾನ ಅದು. ಆ ಹೊತ್ತಿಗೆ ಮುಂಬಯಿಯ ಇಂಗ್ಲಿಷ್ ಪಡೆ ಮಂಗಳೂರು ಹಿಡಿದಿತ್ತು. ಹೈದರನು ಪಡುವಣಕ್ಕೆ ಓಡಿದ. ಮೂಡಣ ಬಾಗಿಲು ಬರಿದಾಯಿತು.

ಆ ಬೇಸಗೆಯಲ್ಲಿ ಸ್ಮಿತ್ ಘಟ್ಟ ಹತ್ತಿದ. ಮುಳಬಾಗಿಲಿನ ಬಂಡೆಯನ್ನು ಏಣಿ ಹಾಕಿ ಹತ್ತುವುದು ಸುಲಭವಲ್ಲ. ಅದು ಒಳಗಿನವನ ಕೈಯಿಂದಲೇ ಬಿತ್ತು. ಹೊಸ ಸಿಪಾಯಿಗಳನ್ನು ಭರ್ತಿ ಮಾಡಿಕೊಳ್ಳುತ್ತಿದ್ದ ಕಿಲ್ಲೇದಾರ ಶತ್ರುವಿನ ಜೊತೆ ಮಾತಾಡಿಕೊಂಡಿದ್ದ. ಭರ್ತಿಗೆ ಬಂದವರ ವೇಷದಲ್ಲಿ ಕಂಪನಿಯ ಸಿಪಾಯಿಗಳು ಒಳಹೊಕ್ಕರು. ಮೈಗೆ ಬಣ್ಣ ಬಳಿದುಕೊಂಡು ಸುಬೇದಾರನ ವೇಷ ತೊಟ್ಟಿದ್ದ ಮ್ಯಾಥ್ಯೂಸ್ ಎಂಬ ಕ್ಯಾಪ್ಟನ್ ಅವರ ಮುಂದಾಳು. ಜೂನ್ ತಿಂಗಳು ಮುಗಿಯುವುದರೊಳಗೆ ಕೋಲಾರವೂ ಶರಣಾಯಿತು. ಜುಲೈನಲ್ಲಿ ಹೊಸೂರು. ದಂಡಿನ ಬೆನ್ನಿಗೇ ಮದರಾಸ್ ಕೌನ್ಸಿಲಿನ ಇಬ್ಬರು ಸದಸ್ಯರು ಬಂದರು. ಅವರೊಡನೆ ಆರ್ಕಾಟಿನ ನವಾಬ ಮಹಮ್ಮದ್ ಅಲಿ ತಾನೇ ಸವಾರಿ ಬಂದು ಕೋಲಾರದಲ್ಲಿ ಬೀಡುಬಿಟ್ಟ. ಗೆದ್ದ ಸೀಮೆಯ ಕಂದಾಯ ಎತ್ತಿ ಯುದ್ಧದ ಖರ್ಚು ತೆಗೆಯುವುದು ಅವರ ಲೆಕ್ಕ.

ಈ ಲೆಕ್ಕವೇ ಅವರನ್ನು ಕೆಡಿಸಿತು. ಕೋಟೆ ಹಿಡಿದ ಮಾತ್ರಕ್ಕೆ ಕಂದಾಯ ಬರುವುದಿಲ್ಲ. ಕಂದಾಯ ಬರಬೇಕಾದರೆ ಪಟೇಲ ಊರಲ್ಲಿರಬೇಕು, ಶಾನುಭೋಗ ಕಡತ ಬಿಚ್ಚಬೇಕು, ರೈತ ಹೊಲದಲ್ಲಿರಬೇಕು. ಹಿಂದಿನ ವರ್ಷ ಮರಾಠರು ತುಳಿದ ನೆಲ. ಈ ವರ್ಷ ಎರಡು ದಂಡುಗಳು ಅದರ ಮೇಲೆ ಅತ್ತಿತ್ತ ಓಡಾಡುತ್ತಿವೆ. ಇವತ್ತು ನವಾಬನಿಗೆ ಹಣ ಕೊಟ್ಟರೆ ನಾಳೆ ಹೈದರನ ಅಮಲ್ದಾರನಿಗೆ ಮತ್ತೆ ಕೊಡಬೇಕಾದೀತೆಂಬುದು ಪಟೇಲನಿಗೆ ಗೊತ್ತಿತ್ತು. ಹೈದರನು ಮರೆಯುವವನಲ್ಲ, ದಂಡಿಸದೆ ಬಿಡುವವನೂ ಅಲ್ಲ. ಕನ್ನಡ, ತೆಲುಗು, ತಮಿಳು, ಮರಾಠಿ, ಹಿಂದೂಸ್ತಾನಿ ಐದನ್ನೂ ಆಡುತ್ತಿದ್ದ ಅವನಿಗೆ ಯಾವ ಊರಿನ ದೂರನ್ನೂ ದುಭಾಷಿಯಿಲ್ಲದೆ ಕೇಳಲು ಬರುತ್ತಿತ್ತು. 1779ರಲ್ಲಿ ಶ್ರೀರಂಗಪಟ್ಟಣಕ್ಕೆ ಬಂದ ಜರ್ಮನ್ ಪಾದ್ರಿ ಷ್ವಾರ್ಟ್ಸ್ ಕಂಡದ್ದೂ ಇದನ್ನೇ: ಬಂದ ಪತ್ರಗಳನ್ನು ಓದಿಸಿ ಕೇಳುತ್ತ ಆಗಿಂದಾಗಲೇ ಉತ್ತರ ಹೇಳಿ ಬರೆಸುವ ದೊರೆ, ಯಾರ ಧರ್ಮ ಯಾವುದೆಂದು ತಲೆಕೆಡಿಸಿಕೊಳ್ಳದ ದೊರೆ, ಅನಾಥ ಹುಡುಗರಿಗೆ ಅನ್ನ ಬಟ್ಟೆ ಕೊಟ್ಟು ಸಾಕುವ ದೊರೆ, ಜೊತೆಗೆ, ದೊಡ್ಡ ಅಧಿಕಾರಿಯೆಂದು ನೋಡದೆ ಬೆನ್ನಿಗೆ ಬೀಳಲು ಸದಾ ಸಿದ್ಧವಿದ್ದ ಚಾವಟಿಯವರು ಇನ್ನೂರು ಮಂದಿ. ಆ ಚಾವಟಿಯನ್ನು ನಾನು ಮರೆಮಾಚುವುದಿಲ್ಲ. ಅವನ ರಾಜ್ಯದ ಶಿಸ್ತಿಗೆ ಭಯದ ಪಾಲು ದೊಡ್ಡದಿತ್ತು. ಆದರೆ ಭಯವೊಂದೇ ಇದ್ದಿದ್ದರೆ ಅವನು ದೂರದ ಪಡುವಣದಲ್ಲಿದ್ದ ಆ ದಿನಗಳಲ್ಲಿ ಕೋಲಾರದ ಹಳ್ಳಿಗಳು ಹೊಸ ಒಡೆಯನಿಗೆ ತೆರೆದುಕೊಳ್ಳಬೇಕಿತ್ತು. ನವಾಬನ ಖಜಾನೆ ತುಂಬಲಿಲ್ಲ.

ನವಾಬನು ರೊಕ್ಕಕ್ಕಾಗಿ ಕಾಯುತ್ತ ಕುಳಿತ ಕೋಲಾರದಿಂದ ಮಾರಿಕುಪ್ಪ, ಊರಿಗಾಂಗಳು ದೂರವೇನಲ್ಲ. ಅಲ್ಲಿಯ ಬಡವರು ಮಣ್ಣು ತೊಳೆದು ಕಾಳು ಕಾಳಾಗಿ ಚಿನ್ನ ತೆಗೆಯುತ್ತಿದ್ದರು. ಆ ಯುದ್ಧದಲ್ಲಿ ಯಾರೂ ಆ ಕಡೆ ನೋಡಲಿಲ್ಲ. ಟಿಪ್ಪುವಿನ ಕಾಲಕ್ಕೆ ಪರೀಕ್ಷೆಗೆ ಕಳಿಸಿದವರು ಹುಟ್ಟುವಳಿ ಖರ್ಚಿಗೆ ಸರಿಯಾಗುತ್ತದೆ ಅಷ್ಟೇ ಎಂದು ಕೈಬಿಟ್ಟರಂತೆ. 1802ರಲ್ಲಿ ಗಡಿಯ ಸರ್ವೆಗೆ ಬಂದ ಲೆಫ್ಟಿನೆಂಟ್ ಜಾನ್ ವಾರೆನ್ ಊರವರಿಂದ ಮಣ್ಣು ತರಿಸಿ ಕಣ್ಣೆದುರೇ ತೊಳೆಸಿ ಚಿನ್ನ ಕಂಡ. ಜಾನ್ ಟೇಲರ್ ಕಂಪನಿ 1880ರಲ್ಲಿ ಗಣಿಗೆ ಕೈಹಾಕಿದ ಮೇಲಿನದು ಬೇರೆಯೇ ಕಥೆ. 1768ರಲ್ಲಿ ಈ ನೆಲದ ಬೆಲೆ ಅದರ ಕೆರೆಗಳಲ್ಲಿ, ಅದರ ರಾಗಿಯಲ್ಲಿ, ಅದರ ಮೇಲೆ ಹಾಯುವ ದಾರಿಯಲ್ಲಿ ಇತ್ತು.

ಆಗಸ್ಟಿನಲ್ಲಿ ಹೈದರನು ಮಂಗಳೂರು ಬಿಡಿಸಿಕೊಂಡು ಬೆಂಗಳೂರಿಗೆ ಮರಳಿದ. ಗುತ್ತಿಯ ಮುರಾರಿರಾಯ ತನ್ನ ಕುದುರೆ ಪಡೆಯೊಡನೆ ಇಂಗ್ಲಿಷರನ್ನು ಸೇರಿ ಹೊಸಕೋಟೆಯ ಬಳಿ ಇಳಿದಿದ್ದ. ಅವನ ಮೇಲೆ ಹೈದರನ ಸವಾರರು ರಾತ್ರಿ ಎರಗಿದರು. ಮುರಾರಿರಾಯನ ಅಪ್ಪಣೆ ಸರಳ: ನಮ್ಮವರು ಯಾರೂ ಕುದುರೆ ಹತ್ತಕೂಡದು, ಕುದುರೆಯ ಮೇಲೆ ಕಂಡವರೆಲ್ಲ ಶತ್ರುಗಳು. ಗದ್ದಲದಲ್ಲಿ ಅವನ ಪಟ್ಟದಾನೆ ಗಾಯಗೊಂಡು ಗೂಟ ಕಿತ್ತು, ಸರಪಳಿಯನ್ನು ಸೊಂಡಿಲಿನಲ್ಲಿ ಹಿಡಿದು ಬೀಸುತ್ತ ಹೈದರನ ಸವಾರರ ಮೇಲೆಯೇ ನುಗ್ಗಿತು. ದಾಳಿ ಮುರಿಯಿತು. ಹೈದರನು ಸಂಧಿಗೆ ಹೇಳಿಕಳಿಸಿದ: ಘಟ್ಟದ ಕೆಳಗಿನ ಬಾರಾಮಹಲ್ ಸೀಮೆಯನ್ನು ಬಿಟ್ಟುಕೊಡುತ್ತೇನೆ, ಮೇಲೆ 10 ಲಕ್ಷ ರೂಪಾಯಿ. ಕೋಲಾರದಲ್ಲಿದ್ದವರು ಅದನ್ನು ಒಪ್ಪಿದ್ದರೆ ಮುಂದಿನ ಅವಮಾನ ತಪ್ಪುತ್ತಿತ್ತು. ಅವರು ಇನ್ನೂ ಹೆಚ್ಚು ಕೇಳಿದರು.

ಮಾತು ಮುರಿದ ಮೇಲೆ ಈ ಸೀಮೆ ಎರಡು ತಿಂಗಳು ಉಸಿರಾಡಲಿಲ್ಲ. ಬಾರಾಮಹಲಿನಿಂದ ಬೂದಿಕೋಟೆಯ ಕಡೆಗೆ ಮೇಲೇರಿ ಬರುತ್ತಿದ್ದ ಇಂಗ್ಲಿಷರ ಇನ್ನೊಬ್ಬ ಸೇನಾನಿ ಕರ್ನಲ್ ವುಡ್‌ನನ್ನು ಇಕ್ಕಟ್ಟಿನಲ್ಲಿ ಹಿಡಿಯಲು ಹೈದರನು ಮಾಲೂರಿನತ್ತ ನಡೆದ. ಅವನನ್ನು ಹಿಂದಿನಿಂದ ಹಿಡಿಯಲು ಸ್ಮಿತ್ ಹೊಂಚಿದ್ದ. ಸ್ಮಿತ್ ಹತ್ತಿರ ಬಂದನೆಂದು ತಿಳಿದ ವುಡ್ ಗೌರವಕ್ಕೆಂದು ಫಿರಂಗಿ ಹಾರಿಸಿದ. ಆ ಸದ್ದೇ ಹೈದರನಿಗೆ ಎಚ್ಚರಿಕೆಯಾಗಿ, ಅವನು ಬಲೆಯಿಂದ ಸರಿದುಕೊಂಡ. ಅಷ್ಟರಲ್ಲಿ ಮುಳಬಾಗಿಲಿನಲ್ಲಿದ್ದ ಇಂಗ್ಲಿಷ್ ಕಾವಲನ್ನು ತೆಗೆದು ನವಾಬನ ಆಳುಗಳನ್ನು ಇಟ್ಟಿದ್ದರು. ಹೈದರನು ಅದನ್ನು ತನ್ನವರಿಂದ ಹೋದ ದಾರಿಯಲ್ಲೇ, ಒಳಗಿನ ಮಾತಿನಿಂದಲೇ ಮರಳಿ ಪಡೆದ.

1768ರ ಅಕ್ಟೋಬರ್ 4ರಂದು ವುಡ್ ಅದನ್ನು ಬಿಡಿಸಿಕೊಳ್ಳಲು ಬಂದ. ಕೆಳಕೋಟೆ ದಕ್ಕಿತು, ಬಂಡೆ ದಕ್ಕಲಿಲ್ಲ. ಆಮೇಲೆ ಹೈದರನ ಇಡೀ ದಂಡು ಎದುರಾಯಿತು. ಮುಳಬಾಗಿಲಿನ ಸುತ್ತ ಆನೆಗಾತ್ರದ ಗುಂಡುಗಳು. ಅವುಗಳ ಸಂದಿಯಲ್ಲಿ ಸಾಲು ಕಟ್ಟಲಾಗುವುದಿಲ್ಲ, ಕವಾಯತು ನಡೆಯುವುದಿಲ್ಲ. ಒಂದೊಂದು ಬಂಡೆಯ ಹಿಂದೆ ಒಂದೊಂದು ಕಾಳಗ ನಡೆಯಿತು, ವುಡ್‌ನ ದಂಡು ಹಿಂದೆ ಹಿಂದೆ ಸರಿಯಿತು. ಸಾಮಾನು ಕಾಯಲು ನಿಂತಿದ್ದ ಕ್ಯಾಪ್ಟನ್ ಬ್ರೂಕ್ ಎಂಬವನು ಗಾಯಾಳುಗಳನ್ನೂ ಸೇರಿಸಿಕೊಂಡು ಎರಡು ಫಿರಂಗಿಗಳನ್ನು ಸುತ್ತುದಾರಿಯಿಂದ ಒಂದು ಚಪ್ಪಟೆ ಬಂಡೆಯ ಮೇಲಕ್ಕೆ ಎಳೆಸಿ, ಗುಂಡು ಸಿಡಿಸಿ, ಎಲ್ಲರಿಂದಲೂ ಸ್ಮಿತ್‌ನ ಹೆಸರು ಕೂಗಿಸಿದ. ಸ್ಮಿತ್‌ನ ದಂಡೇ ಬಂತೆಂದು ಎರಡೂ ಕಡೆಯವರು ನಂಬಿದರು. ಹೈದರನು ಹಿಂದೆ ಸರಿದ, ವುಡ್ ಬದುಕಿಕೊಂಡ. ಇಂಗ್ಲಿಷರ ಕಡೆ 200ಕ್ಕೂ ಹೆಚ್ಚು ಮಂದಿ ಸತ್ತರು, ಗಾಯಗೊಂಡರು. ಹೈದರನ ಕಡೆ ಅದಕ್ಕೂ ಬಹಳ ಹೆಚ್ಚು.

ಬಯಲಿಗೆ ಬಂದು ಹೊಡೆದಾಡಿದಲ್ಲೆಲ್ಲ ನಷ್ಟವೆಂದು ಮನದಟ್ಟಾದ ಹೈದರನು ನವೆಂಬರಿನಲ್ಲಿ ಕೋಲಾರದ ಸುತ್ತ ಸುಳಿದಾಡಿದ. ಕೋಟೆಯನ್ನು ಕರ್ನಲ್ ಕ್ಯಾಂಬೆಲ್ ಬಿಗಿಯಾಗಿ ಹಿಡಿದಿದ್ದ. ಆದರೆ ಕೋಟೆಯ ಹೊರಗೆ ಇಂಗ್ಲಿಷರದೆಂಬುದು ಏನೂ ಉಳಿಯಲಿಲ್ಲ. ನವಾಬನೂ ಕೌನ್ಸಿಲಿನವರೂ ಸ್ಮಿತ್‌ನೊಡನೆ ಮದರಾಸಿಗೆ ಹೊರಟರು. ಹಿಂದುಳಿದ ವುಡ್ ಬಾಗಲೂರಿನಲ್ಲಿ ಸಾಮಾನು ಸರಂಜಾಮನ್ನೂ ದೊಡ್ಡ ಫಿರಂಗಿಗಳನ್ನೂ ಕಳೆದುಕೊಂಡ. ಆಮೇಲೆ ಹೈದರನು ಘಟ್ಟ ಇಳಿದ. ಶತ್ರುಗಳು ವರ್ಷವಿಡೀ ಹಿಡಿದ ಬಾರಾಮಹಲ್, ಸೇಲಂ, ಕೊಯಮತ್ತೂರುಗಳ ಕೋಟೆಗಳು ಕೆಲವೇ ವಾರಗಳಲ್ಲಿ ಮರಳಿ ಅವನವಾದವು. 1769ರ ಮಾರ್ಚ್ ಕೊನೆಯಲ್ಲಿ 6000 ಸವಾರರೊಡನೆ ಮೂರೂವರೆ ದಿನದಲ್ಲಿ 130 ಮೈಲಿ ಹಾಯ್ದು ಮದರಾಸಿನ ಸೇಂಟ್ ಥಾಮಸ್ ಮೌಂಟ್ ಬಳಿ ನಿಂತ. ಏಪ್ರಿಲ್ ಮೊದಲ ವಾರದಲ್ಲಿ ಸಂಧಿಯಾಯಿತು: ಗೆದ್ದದ್ದನ್ನು ಪರಸ್ಪರ ಮರಳಿಸುವುದು, ಒಬ್ಬರ ಮೇಲೆ ದಂಡು ಬಂದರೆ ಇನ್ನೊಬ್ಬರು ನೆರವಿಗೆ ಬರುವುದು. ಕೋಲಾರದ ಕೋಟೆ ಹೈದರನಿಗೆ ಬಂತು. ನೆರವಿನ ಮಾತನ್ನು ಮದರಾಸಿನವರು ಉಳಿಸಿಕೊಳ್ಳಲಿಲ್ಲ. ಮರುವರ್ಷವೇ ಮಾಧವರಾಯ ಮತ್ತೆ ಬಂದ. ಕೋಲಾರ, ಮುಳಬಾಗಿಲು, ನಂದಿದುರ್ಗಗಳು ಮತ್ತೆ ಹೋದವು. ಹೈದರನು ಒಬ್ಬನೇ ಹೋರಾಡಿದ, 1771ರಲ್ಲಿ ಚಿಂಕುರಳಿಯಲ್ಲಿ ಹೀನಾಯವಾಗಿ ಸೋತ, ಹಣ ತೆತ್ತ, ಕಾದ. ಮಾಧವರಾಯ ತೀರಿಕೊಂಡ ಮೇಲೆ ಎಲ್ಲವನ್ನೂ ಮರಳಿ ಪಡೆದ. ಕಂಪನಿಯ ಆ ವಚನಭಂಗವನ್ನು ಅವನು ಸಾಯುವವರೆಗೂ ಕ್ಷಮಿಸಲಿಲ್ಲ.

ಅವನು ಕಟ್ಟಿದ ವ್ಯವಸ್ಥೆಯ ಕೊನೆಯ ಪರೀಕ್ಷೆ ಅವನು ಸತ್ತ ಮೇಲೆ ನಡೆಯಿತು. 1782ರ ಡಿಸೆಂಬರ್ 7ರಂದು, ಇಂಗ್ಲಿಷರೊಡನೆ ನಡೆದ ಎರಡನೆಯ ಯುದ್ಧದ ನಡುವೆ, ಚಿತ್ತೂರಿನ ಹತ್ತಿರದ ನರಸಿಂಗರಾಯನಪೇಟೆಯ ಪಾಳೆಯದಲ್ಲಿ ಹೈದರನು ಬೆನ್ನುಫಣಿಯಿಂದ ತೀರಿಕೊಂಡ. ಮಗ ಟಿಪ್ಪು ದೂರದ ಮಲಬಾರಿನಲ್ಲಿದ್ದ. ಎದುರಿಗೆ ಇಂಗ್ಲಿಷರು. ಸುದ್ದಿ ಹೊರಬಿದ್ದರೆ ದಂಡು ಚೆದುರುತ್ತದೆ. ಹೈದರನ ಮಂತ್ರಿಗಳಾದ ಪೂರ್ಣಯ್ಯನೂ ಕೃಷ್ಣರಾಯನೂ ಸಾವನ್ನು ಮುಚ್ಚಿಟ್ಟರು. ದೇಹವನ್ನು ಸುಗಂಧದ್ರವ್ಯ ತುಂಬಿದ ಪೆಟ್ಟಿಗೆಯಲ್ಲಿಟ್ಟು, ಖಜಾನೆ ಸಾಗಿಸುವಂತೆ ಕಾವಲಿನೊಡನೆ ಘಟ್ಟದ ಮೇಲಕ್ಕೆ ಕೋಲಾರಕ್ಕೆ ಕಳಿಸಿ, ಫತೇ ಮಹಮ್ಮದನ ಸಮಾಧಿಯಲ್ಲಿ ಇರಿಸಿದರು. ಪಾಳೆಯದಲ್ಲಿ ಮುಚ್ಚಿದ ಪಾಲಕಿ ಎಂದಿನಂತೆ ಹೊರಟಿತು, ದೊರೆಗೆ ಮೈ ಸರಿಯಿಲ್ಲವೆಂಬ ಉತ್ತರ ಎಂದಿನಂತೆ ಹೋಯಿತು. ಗುಟ್ಟು ತಿಳಿದ ಮಹಮ್ಮದ್ ಅಮೀನ್ ಮತ್ತು ಶಂಸುದ್ದೀನ್ ಎಂಬವರು ಟಿಪ್ಪುವಿನ ತಮ್ಮ ಅಬ್ದುಲ್ ಕರೀಮನನ್ನು ಪಟ್ಟಕ್ಕೆ ತರಲು ಸಂಚು ಹೂಡಿದರು. ಅವರಿಗೆ ಬೇಡಿ ಬಿತ್ತು. ಬೇಡಿ ಹಾಕಿದ ಅಪ್ಪಣೆ ಹೈದರನ ಹೆಸರಿನಲ್ಲೇ ಹೊರಟಿತ್ತು.

ಸಾವಿನ ಸುದ್ದಿ ಮದರಾಸಿಗೆ ಬೇಗನೇ ಮುಟ್ಟಿತು. ಗವರ್ನರ್ ಮೆಕಾರ್ಟ್ನಿ ಈಗಲೇ ಏರಿಹೋಗಿ ಎಂದು ಅವಸರಪಡಿಸಿದ. ಜನರಲ್ ಸ್ಟುವರ್ಟ್ ಸಿದ್ಧನಿರಲಿಲ್ಲ, ಕದಲಲಿಲ್ಲ. ಡಿಸೆಂಬರ್ ಕೊನೆಯ ಹೊತ್ತಿಗೆ ಟಿಪ್ಪು ಬಂದು ಅಧಿಕಾರ ವಹಿಸಿಕೊಂಡ. ಮೂರು ವಾರಗಳ ಕಾಲ ಒಡೆಯನಿಲ್ಲದೆ ಇದ್ದ ಆ ದಂಡು ಒಡೆದಿರಲಿಲ್ಲ. ಮುಂದೆ ಟಿಪ್ಪು ತಂದೆಯ ದೇಹವನ್ನು ಕೋಲಾರದಿಂದ ಶ್ರೀರಂಗಪಟ್ಟಣದ ಗುಂಬಜ್‌ಗೆ ತರಿಸಿದ. ಯುದ್ಧವನ್ನು 1784ರಲ್ಲಿ ಮಂಗಳೂರಿನ ಸಂಧಿಯಿಂದ ಮುಗಿಸಿದ. ಫತೇ ಮಹಮ್ಮದನ ಮಕಬರಾ ಕೋಲಾರದಲ್ಲೇ ಉಳಿಯಿತು, ಅದರ ಖರ್ಚಿಗೆ ಇನಾಮು ನಡೆಯಿತು.